ಒಂದು ಕುಳಿ ಕೈಕೊಟ್ಟರೆ ಆಟವೇ ಮುಗಿಯಬೇಕೆ?

ಗಾಲ್ಫ್ ಮೈದಾನದಲ್ಲಿ ಹದಿನೆಂಟು ಕುಳಿಗಳಿರುತ್ತವೆ, ಹದಿನೆಂಟೂ ಒಂದೇ ಹದದವಲ್ಲ. ಆಟಗಾರನ ಕೈಗೆ ಕೊಡುವ ಸ್ಕೋರ್ ಕಾರ್ಡಿನಲ್ಲಿ ಪ್ರತಿ ಕುಳಿಯ ಎದುರು ಎರಡು ಸಂಖ್ಯೆ ಅಚ್ಚಾಗಿರುತ್ತವೆ. ಮೊದಲನೆಯದು ಪಾರ್, ಅಂದರೆ ಪಳಗಿದ ಆಟಗಾರ ಎಷ್ಟು ಹೊಡೆತಗಳಲ್ಲಿ ಚೆಂಡನ್ನು ಕುಳಿಗೆ ಇಳಿಸಬೇಕು ಎಂಬ ಲೆಕ್ಕ. ಎರಡನೆಯದು ಸ್ಟ್ರೋಕ್ ಇಂಡೆಕ್ಸ್, ಅಂದರೆ ಕಷ್ಟದಲ್ಲಿ ಆ ಕುಳಿಯ ಸರದಿ ಎಷ್ಟನೆಯದು ಎಂಬುದು. ಇಂಡೆಕ್ಸ್ 1 ಎಂದಿದ್ದರೆ ಸಾಮಾನ್ಯವಾಗಿ ಅದು ಇಡೀ ಮೈದಾನದಲ್ಲಿ ಹವ್ಯಾಸಿಗಳ ಬೆವರಿಳಿಸುವ ಕುಳಿ. ಅಂಥದೊಂದನ್ನು ಕಣ್ಣಮುಂದೆ ತಂದುಕೊಳ್ಳಿ: ಉದ್ದ 430 ಗಜ, ಪಾರ್ 4, ಕುಳಿಯಿರುವ ಹಸಿರು ಹಾಸಿಗೆ 20 ಗಜ ಮುಂಚೆ ಮುಗಿಯುವ ಒಂದು ಕೊಳ, ಕೊಳದ ಅಗಲ 30 ಗಜ. ಮೈದಾನಗಳ ಕಷ್ಟವನ್ನು ಅಳೆಯುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಇಬ್ಬರು ಮಾದರಿ ಆಟಗಾರರನ್ನು ಇಟ್ಟುಕೊಂಡಿದ್ದಾರೆ. ಪುರುಷರಲ್ಲಿ ಪಳಗಿದವನು ಮೊದಲ ಹೊಡೆತದಲ್ಲಿ 250 ಗಜ ಕಳಿಸುತ್ತಾನೆ, ಎರಡು ಹೊಡೆತ ಸೇರಿ 470 ಗಜ ಮುಟ್ಟಬಲ್ಲ. ಸಾಧಾರಣ ಹವ್ಯಾಸಿ ಮೊದಲ ಹೊಡೆತದಲ್ಲಿ 200 ಗಜ, ಎರಡೂ ಸೇರಿ 370 ಗಜ. ಅಂದಮೇಲೆ ನಮ್ಮ ಕುಳಿಯಲ್ಲಿ ಏನಾಗುತ್ತದೆ ಎಂದು ಕೂಡಿಸಿ ಕಳೆದು ನೋಡಬಹುದು. ಮೊದಲನೆಯವನಿಗೆ ಎರಡೇ ಹೊಡೆತದ ದಾರಿ. ಎರಡನೆಯವನು ಎಷ್ಟೇ ಚೆನ್ನಾಗಿ ಹೊಡೆದರೂ ಎರಡನೇ ಹೊಡೆತ ಮುಗಿದಾಗ ಕೊಳದ ದಂಡೆಯ ಮೇಲಿರುತ್ತಾನೆ. ಕಾರ್ಡು ಮಾತ್ರ ಇಬ್ಬರಿಗೂ ನಾಲ್ಕು ಎಂದೇ ಹೇಳುತ್ತದೆ.

ಹವ್ಯಾಸಿಯ ಫಜೀತಿ ಶುರುವಾಗುವುದು ಆ ನಾಲ್ಕರಿಂದ. ಮೊದಲ ಹೊಡೆತ ಚೆನ್ನಾಗಿಯೇ ಬಿದ್ದಿದೆ, 230 ಗಜ ಉಳಿದಿದೆ. ಕೊಳ ದಾಟಬೇಕಾದರೆ ಚೆಂಡು ನೆಲ ಮುಟ್ಟದೆ 210 ಗಜ ಹಾರಬೇಕು, ಅವನ ಕೈಯಲ್ಲಿ ಇರುವುದು 170. ಬುದ್ಧಿ ಹೇಳುವುದು ಸರಳವಾಗಿದೆ: 140 ಗಜ ಹೊಡೆದು ಕೊಳಕ್ಕೆ ಮುಂಚೆ ನಿಲ್ಲು, ಅಲ್ಲಿಂದ 90 ಗಜ ಎತ್ತಿ ಹಾಸಿನ ಮೇಲೆ ಹಾಕು, ಚೆಂಡು ಉರುಳಿಸುವ ಎರಡು ಪಟ್‌ನಲ್ಲಿ ಮುಗಿಸು, ಐದು. ಆದರೆ ಕಾರ್ಡಿನ ನಾಲ್ಕು ಕಣ್ಣಿಗೆ ಕುಟುಕುತ್ತಿರುತ್ತದೆ. ಅವನು ಬ್ಯಾಗಿನಲ್ಲಿರುವ ದೊಡ್ಡ ಕೋಲನ್ನೇ ಎಳೆಯುತ್ತಾನೆ. ಚೆಂಡು ನೀರಿಗೆ ಬೀಳುತ್ತದೆ, ದಂಡದ ಒಂದು ಹೊಡೆತ ಸೇರಿ ಮೂರಾಯಿತು. ನೀರಿನ ಹಿಂದೆ ಬೇರೆ ಚೆಂಡು ಇಟ್ಟು ನಾಲ್ಕನೆಯದನ್ನು ಹೊಡೆಯುವಾಗ ಭುಜ ಬಿಗಿದುಕೊಂಡಿರುತ್ತದೆ, ಚೆಂಡಿನ ನೆತ್ತಿ ಸವರಿದಂತಾಗಿ ಅದೂ ನೀರಿಗೆ. ಐದು. ಆರನೆಯದು ಹಾಸಿನ ಮೇಲೆ ಬರುತ್ತದೆ, ಮೂರು ಪಟ್, ಒಟ್ಟು ಒಂಬತ್ತು. ಇಷ್ಟೂ ನಡೆಯಲು ಹತ್ತು ಹದಿನೈದು ನಿಮಿಷ ಸಾಕು. ಮುಂದಿನ ಕುಳಿಗೆ ನಡೆಯುವಾಗ ಅವನ ತಲೆಯಲ್ಲಿ ಉಳಿದ ಹದಿನೇಳು ಕುಳಿಗಳಿಲ್ಲ, ಆ ಒಂಬತ್ತು ಮಾತ್ರ ಇದೆ. ಇದನ್ನು ಮನೋಬಲದ ಕೊರತೆ ಎಂದು ತಳ್ಳಿಹಾಕುವುದು ಸುಲಭ. ನನ್ನ ವಾದ ಬೇರೆ. ಅವನ ಕೈ ಸೋತದ್ದು ನಿಜ. ಆದರೆ ಕೈ ಸೋಲುವ ಮುಂಚೆಯೇ ಅಳತೆ ಅವನನ್ನು ದಾರಿ ತಪ್ಪಿಸಿತ್ತು. ಇನ್ನೊಬ್ಬರ ಮೈಕಟ್ಟಿಗೆ ಹೊಲಿದ ಸಂಖ್ಯೆಯನ್ನು ಅವನು ತನ್ನದೆಂದು ತೊಟ್ಟುಕೊಂಡಿದ್ದ. ಅಳತೆಯ ಈ ದೋಷವನ್ನು ಗಾಲ್ಫ್ ಜಗತ್ತು ನೂರು ವರ್ಷಗಳಿಗೂ ಮೀರಿ ತಿದ್ದುತ್ತ ಬಂದಿದೆ. ನಾವು ನಮ್ಮ ಮಕ್ಕಳ ವಿಷಯದಲ್ಲಿ ಇನ್ನೂ ಪೂರ್ತಿ ತಿದ್ದಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಪಾರ್ ಎಂಬ ಮಾನದಂಡ ಮೊದಲಿನಿಂದಲೂ ಹೀಗೆ ಇರಲಿಲ್ಲ. 1890ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯ ಹ್ಯೂ ರಾದರಮ್ ಎಂಬಾತ ಪ್ರತಿ ಕುಳಿಗೂ ಒಂದು ನಿಗದಿತ ಹೊಡೆತದ ಲೆಕ್ಕ ಇಡೋಣ, ಎದುರಾಳಿಯ ಬದಲು ಆ ಲೆಕ್ಕದ ವಿರುದ್ಧವೇ ಆಡೋಣ ಎಂದು ಸೂಚಿಸಿದ. ಅದಕ್ಕೆ ಬೋಗಿ ಎಂಬ ಹೆಸರು ಅಂಟಿಕೊಂಡಿತು. ಅಂದಿನ ಬೋಗಿ ಎಂದರೆ ಕ್ಲಬ್ಬಿನ ಒಬ್ಬ ಒಳ್ಳೆಯ ಹವ್ಯಾಸಿ ಎಡವಟ್ಟು ಮಾಡದೆ ಆಡಿದರೆ ಬರುವ ಸಂಖ್ಯೆ, ಗೌರವದ ಸಂಖ್ಯೆ. ಆಮೇಲೆ ಕೋಲು, ಚೆಂಡು ಸುಧಾರಿಸಿದವು, ಹಣಕ್ಕಾಗಿ ಆಡುವ ವೃತ್ತಿಪರರು ಬೆಳೆದರು, ಅವರ ಅಳತೆಗೆ ತಕ್ಕಂತೆ ಪಾರ್ ಮೇಲೆ ಬಂತು. ಬೋಗಿ ಪಾರ್‌ಗಿಂತ ಒಂದು ಹೆಚ್ಚು ಎಂಬ ದರ್ಜೆಗೆ ಇಳಿಯಿತು. ಇವತ್ತು ಟಿ.ವಿ.ಯಲ್ಲಿ ವೀಕ್ಷಕ ವಿವರಣೆ ಕೊಡುವವರು ಬೋಗಿ ಎಂದು ಹೇಳುವ ದನಿಯಲ್ಲೇ ಮರುಕ ಇರುತ್ತದೆ. ಅದೇ ಐದು ಹೊಡೆತ ಒಂದು ಕಾಲದಲ್ಲಿ ಭೇಷ್ ಎನಿಸಿಕೊಂಡಿತ್ತು, ಈಗ ತಪ್ಪಾಗಿದೆ. ಆಡಿದ ಹವ್ಯಾಸಿ ಬದಲಾಗಲಿಲ್ಲ, ಅಳೆಯುವವರು ಬದಲಾದರು.

ಪಾರ್ ಮೇಲೇರಿದಷ್ಟೂ ಕೆಳಗುಳಿದವರು ಆಟ ಬಿಟ್ಟು ಹೋಗಬಾರದಲ್ಲ. ಅದಕ್ಕೆ ಗಾಲ್ಫ್ ಕಂಡುಕೊಂಡ ದಾರಿಯೇ ಹ್ಯಾಂಡಿಕ್ಯಾಪ್. 2020ರ ಜನವರಿಯಿಂದ ಜಗತ್ತಿಗೆಲ್ಲ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿ ಬಂದಿದೆ. ಅದರ ಎರಡು ನಿಯಮಗಳನ್ನು ತುಸು ಹತ್ತಿರದಿಂದ ನೋಡಬೇಕು. ಒಬ್ಬ ಹವ್ಯಾಸಿಯ ಸಾಮರ್ಥ್ಯ ಎಷ್ಟು ಎಂದು ಗೊತ್ತುಮಾಡಲು ಅವನ ಇತ್ತೀಚಿನ ಇಪ್ಪತ್ತು ಸುತ್ತುಗಳ ಲೆಕ್ಕ ತೆಗೆದುಕೊಳ್ಳುತ್ತಾರೆ. ಇಪ್ಪತ್ತರ ಸರಾಸರಿ ಅಲ್ಲ, ಅದರಲ್ಲಿ ಅತ್ಯುತ್ತಮ ಎಂಟರ ಸರಾಸರಿ. ಉಳಿದ ಹನ್ನೆರಡು ಸುತ್ತು ದಾಖಲೆಯಲ್ಲಿ ಇರುತ್ತವೆ, ಆದರೆ ಅವನು ಯಾರು ಎಂದು ತೀರ್ಮಾನಿಸುವ ಅಧಿಕಾರ ಅವಕ್ಕಿಲ್ಲ. ಎರಡನೆಯ ನಿಯಮ ಕಷ್ಟದ ಕುಳಿಗೇ ಸಂಬಂಧಿಸಿದ್ದು. ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಯಾವ ಕುಳಿಯಲ್ಲೂ ಪಾರ್ ಜೊತೆ ಎರಡು, ಅದರ ಮೇಲೆ ಆ ಕುಳಿಗೆ ಆಟಗಾರನಿಗೆ ಸಿಗುವ ರಿಯಾಯಿತಿ ಹೊಡೆತ, ಇಷ್ಟಕ್ಕಿಂತ ಹೆಚ್ಚು ಬರೆದುಕೊಳ್ಳುವುದಿಲ್ಲ. ಹದಿನೆಂಟರ ಹ್ಯಾಂಡಿಕ್ಯಾಪ್ ಇರುವವನಿಗೆ ಪ್ರತಿ ಕುಳಿಗೂ ಒಂದು ರಿಯಾಯಿತಿ ಉಂಟು. ಹಾಗಾಗಿ ನಮ್ಮ ಕೊಳದ ಕುಳಿಯಲ್ಲಿ ಅವನ ಮೇಲ್ಮಿತಿ ನಾಲ್ಕು, ಎರಡು, ಒಂದು, ಒಟ್ಟು ಏಳು. ಒಂಬತ್ತು ಹೊಡೆದಿದ್ದರೂ ಏಳು, ಹದಿಮೂರು ಹೊಡೆದಿದ್ದರೂ ಏಳು. ಹ್ಯಾಂಡಿಕ್ಯಾಪ್ ಒಂಬತ್ತೇ ಇರುವವನಿಗೆ ಕಷ್ಟದ ಸರದಿಯಲ್ಲಿ ಮೊದಲ ಒಂಬತ್ತು ಕುಳಿಗಳಿಗೆ ಮಾತ್ರ ರಿಯಾಯಿತಿ. ಎಲ್ಲಿ ಕಷ್ಟ ಹೆಚ್ಚೋ ಅಲ್ಲಿಗೇ ಆಸರೆ ಮೊದಲು. ಇದು ದಯೆಯಿಂದ ಮಾಡಿದ ನಿಯಮ ಎಂದು ಯಾರಾದರೂ ಭಾವಿಸಿದರೆ ಅರ್ಧ ಮಾತ್ರ ಸರಿ. ಕೊಳದಲ್ಲಿ ಮುಳುಗಿದ ಎರಡು ಚೆಂಡು ಆ ದಿನದ ಆ ಗಳಿಗೆಯ ಬಗ್ಗೆ ಹೇಳುತ್ತವೆಯೇ ಹೊರತು ಆಟಗಾರನ ಸಾಮರ್ಥ್ಯದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ಮೇಲ್ಮಿತಿ ಇಟ್ಟರೆ ಅಳತೆ ಸಡಿಲವಾಗುವುದಿಲ್ಲ, ನಿಖರವಾಗುತ್ತದೆ.

ಇಲ್ಲಿ ಒಂದು ಗೆರೆಯನ್ನು ಗಟ್ಟಿಯಾಗಿ ಎಳೆಯಬೇಕು. ಗಾಲ್ಫ್ ಎರಡು ಖಾತೆ ಇಟ್ಟುಕೊಂಡಿದೆ. ಸಾಮರ್ಥ್ಯದ ಖಾತೆಯಲ್ಲಿ ಮೇಲ್ಮಿತಿ ಇದೆ. ಹೊಡೆತ ಎಣಿಸಿ ಗೆಲುವು ಸೋಲು ತೀರ್ಮಾನಿಸುವ ಸ್ಪರ್ಧೆಯ ಖಾತೆಯಲ್ಲಿ ಅಂಥ ಯಾವ ಕರುಣೆಯೂ ಇಲ್ಲ. 1999ರ ಬ್ರಿಟಿಷ್ ಓಪನ್‌ನಲ್ಲಿ ಫ್ರಾನ್ಸಿನ ಜಾನ್ ವಾನ್ ಡ ವೆಲ್ಡ್ ಕಾರ್ನೂಸ್ಟಿಯ ಹದಿನೆಂಟನೇ ಕುಳಿಗೆ ಬಂದಾಗ ಮೂರು ಹೊಡೆತಗಳ ಮುನ್ನಡೆಯಲ್ಲಿದ್ದರು. ಪಾರ್ 4ರ ಆ ಕುಳಿಯಲ್ಲಿ ಆರು ಹೊಡೆದಿದ್ದರೂ ಗೆಲುವು ಅವರದೇ. ಸಣ್ಣ ಕೋಲು ಹಿಡಿದು ಮೂರು ಸಲ ತಟ್ಟಿಕೊಂಡು ಹೋಗಬಹುದಿತ್ತು. ಅವರು ದೊಡ್ಡ ಕೋಲನ್ನೇ ಹಿಡಿದರು. ಎರಡನೇ ಹೊಡೆತ ಪ್ರೇಕ್ಷಕರ ಗ್ಯಾಲರಿಗೆ ಬಡಿದು ಹಿಂದಕ್ಕೆ ಚಿಮ್ಮಿತು, ಮೂರನೆಯದು ಹಳ್ಳದ ನೀರಿಗೆ ಬಿತ್ತು, ಅವರು ಷೂ ಕಳಚಿ ಪ್ಯಾಂಟು ಮಡಚಿ ಹಳ್ಳದಲ್ಲಿ ನಿಂತದ್ದನ್ನು ಜಗತ್ತೇ ನೋಡಿತು. ಕೊನೆಗೆ ಏಳು. ಟೈ ಆಗಿ, ಹೆಚ್ಚುವರಿ ಕುಳಿಗಳ ಆಟದಲ್ಲಿ ಪಾಲ್ ಲಾರಿ ಗೆದ್ದರು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರ ಕಥೆಯೂ ಹತ್ತಿರದ್ದೇ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಕೊನೆಯ ದಿನ ಅವರು ಏಳು ಹೊಡೆತಗಳ ಮುನ್ನಡೆಯೊಂದಿಗೆ ಆಟ ಶುರುಮಾಡಿದರು, 77 ಹೊಡೆದರು, ಚಿನ್ನ ಕೈತಪ್ಪಿ ಬೆಳ್ಳಿ ಬಂತು. ಆದರೂ ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ. ಅದಕ್ಕೂ ಎರಡು ವರ್ಷ ಹಿಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ತನಗಿಂತ ಬಹಳ ದೂರ ಹೊಡೆಯುವವರ ನಡುವೆ, ಹಾಸಿನ ಮೇಲಿನ ಚಾಕಚಕ್ಯತೆಯಿಂದಲೇ ನಾಲ್ಕನೇ ಸ್ಥಾನ ಹಿಡಿದಿದ್ದರು. ಪದಕ ಒಂದೇ ಹೊಡೆತದಲ್ಲಿ ತಪ್ಪಿತ್ತು. ಆ ಒಂದು ಹೊಡೆತಕ್ಕೆ ಯಾರೂ ಗ್ರೇಸ್ ಕೊಡಲಿಲ್ಲ, ಕೊಡಬೇಕೆಂದು ಯಾರೂ ಕೇಳಲೂ ಇಲ್ಲ. ಹಾಗೆಯೇ ಹಾಂಗ್‌ಝೌನ 77 ನೋಡಿ ಅದಿತಿಗೆ ಗಾಲ್ಫ್ ಬರುವುದಿಲ್ಲ ಎಂದೂ ಯಾರೂ ಹೇಳಲಿಲ್ಲ.

ಕ್ಲಬ್ ಮಟ್ಟದ ಸ್ಪರ್ಧೆಯಲ್ಲೂ ಕಷ್ಟದ ಕುಳಿಗೆ ಬೇಲಿ ಹಾಕಿದವರು ಫ್ರಾಂಕ್ ಸ್ಟೇಬಲ್‌ಫರ್ಡ್ ಎಂಬ ವೈದ್ಯ. 1932ರಲ್ಲಿ ಇಂಗ್ಲೆಂಡಿನ ವಾಲಸಿ ಕ್ಲಬ್ಬಿನಲ್ಲಿ ಅವರ ಪದ್ಧತಿಯ ಸ್ಪರ್ಧೆ ನಡೆಯಿತು. ಕಡಲ ಗಾಳಿಗೆ ಎದುರಾಗಿ ಹೊಡೆಯಬೇಕಾದ ಅಲ್ಲಿನ ಮೊದಮೊದಲ ಕುಳಿಗಳಲ್ಲೇ ಹವ್ಯಾಸಿಗಳು ಕೆಟ್ಟು, ಉಳಿದ ಆಟದ ಮೇಲೆ ಆಸೆ ಬಿಡುತ್ತಿದ್ದರು. ಸ್ಟೇಬಲ್‌ಫರ್ಡ್ ಅವರ ಪರಿಹಾರ: ಹೊಡೆತ ಎಣಿಸುವ ಬದಲು ಅಂಕ ಕೊಡಿ. ಈಗ ನಡೆದುಬಂದಿರುವ ಲೆಕ್ಕದಲ್ಲಿ, ರಿಯಾಯಿತಿ ಕಳೆದಮೇಲೆ ಪಾರ್‌ಗೆ ಎರಡು, ಬೋಗಿಗೆ ಒಂದು, ಅದಕ್ಕಿಂತ ಕೆಟ್ಟದ್ದಕ್ಕೆ ಸೊನ್ನೆ. ಸೊನ್ನೆಗಿಂತ ಕೆಳಗೆ ಯಾವ ಕುಳಿಯೂ ಯಾರನ್ನೂ ತಳ್ಳಲಾರದು. ಅಂಕ ಬರುವ ಹಾಗಿಲ್ಲ ಎಂದಾದರೆ ಚೆಂಡನ್ನು ಜೇಬಿಗೆ ಹಾಕಿಕೊಂಡು ಮುಂದಿನ ಕುಳಿಗೆ ನಡೆ. ಸೊನ್ನೆ ಸೊನ್ನೆಯೇ, ಅದನ್ನು ಎರಡು ಮಾಡಿ ಬರೆಯುವ ಹಾಗಿಲ್ಲ. ಹದಿನೆಂಟರಲ್ಲಿ ಒಂದು ಹೋಯಿತು, ಹದಿನೇಳು ಉಳಿದವು. ಇಷ್ಟು ಸರಳ ಏರ್ಪಾಡು ಎಷ್ಟೋ ಜನರನ್ನು ಆಟದಲ್ಲಿ ಉಳಿಸಿದೆ. 1876ರಲ್ಲಿ ಹುಟ್ಟಿದ ಬೆಂಗಳೂರು ಗಾಲ್ಫ್ ಕ್ಲಬ್ಬಿನಿಂದ ಹಿಡಿದು ಮೈಸೂರು, ಕೊಡಗು, ಚಿಕ್ಕಮಗಳೂರಿನ ಮೈದಾನಗಳವರೆಗೆ ಹವ್ಯಾಸಿ ಗಾಲ್ಫ್ ಬದುಕಿರುವುದು ಇಂಥ ಲೆಕ್ಕಗಳ ಮೇಲೆಯೇ.

ಆಟದಲ್ಲಿ ಉಳಿಯುವುದು ಎಷ್ಟು ಮುಖ್ಯ ಎಂಬುದಕ್ಕೆ ಬಾಬಿ ಜೋನ್ಸ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಜೀವನವಿಡೀ ಹವ್ಯಾಸಿಯಾಗಿಯೇ ಆಡಿದ ಅಮೆರಿಕದ ಈ ವಕೀಲರು 1921ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಸೇಂಟ್ ಆ್ಯಂಡ್ರೂಸ್‌ನ ಓಪನ್‌ನ ಮೂರನೇ ಸುತ್ತಿನಲ್ಲಿ ಮೊದಲ ಒಂಬತ್ತು ಕುಳಿಗೆ 46 ಹೊಡೆದರು. ಹನ್ನೊಂದನೇ ಕುಳಿಯ ಮರಳುಗುಂಡಿಯಲ್ಲಿ ಸಿಕ್ಕಿಬಿದ್ದು, ಹತಾಶರಾಗಿ ಚೆಂಡನ್ನು ಕೈಗೆತ್ತಿಕೊಂಡು ಸ್ಪರ್ಧೆಯಿಂದ ಹೊರಬಿದ್ದರು. ಅದೇ ಮೈದಾನದಲ್ಲಿ 1927ರಲ್ಲಿ ಓಪನ್ ಗೆದ್ದರು, 1930ರಲ್ಲಿ ಬ್ರಿಟಿಷ್ ಅಮೆಚೂರ್ ಗೆದ್ದರು, ಆ ವರ್ಷ ನಾಲ್ಕು ದೊಡ್ಡ ಪಂದ್ಯಾವಳಿಗಳನ್ನೂ ಬಾಚಿಕೊಂಡರು. 1921ರ ಆ ಕುಳಿಯೇ ಅಂತಿಮ ತೀರ್ಪಾಗಿದ್ದರೆ ಗಾಲ್ಫ್ ಇತಿಹಾಸದ ಒಂದು ಅಧ್ಯಾಯವೇ ಇರುತ್ತಿರಲಿಲ್ಲ. ಆಮೇಲೆ ಆಲಿಸ್ಟರ್ ಮೆಕೆಂಜಿ ಜೊತೆ ಸೇರಿ ಅವರು ಅಗಸ್ಟಾ ಮೈದಾನ ರೂಪಿಸಿದಾಗ ಇಟ್ಟುಕೊಂಡ ತತ್ವವೂ ಗಮನಿಸುವಂಥದು. ಪಾರ್‌ಗಿಂತ ಒಂದು ಹೆಚ್ಚು ಸಾಕು ಎಂದು ಒಪ್ಪಿ ಆಡುವವನಿಗೆ ದಾರಿ ಸಲೀಸಾಗಿರಬೇಕು, ಒಂದು ಕಡಿಮೆ ಬೇಕು ಎನ್ನುವವನು ಅದಕ್ಕೆ ತಕ್ಕ ಬೆಲೆ ತೆರಬೇಕು. ಕಷ್ಟದ ಕುಳಿ ಇರಲಿ, ಅದರ ಪಕ್ಕದಲ್ಲಿ ಸಾಧಾರಣನಿಗೂ ಒಂದು ಸುತ್ತುದಾರಿ ಇರಲಿ ಎಂಬುದು ಅದರ ಸಾರ. ಸುತ್ತುದಾರಿಯೇ ಇಲ್ಲದ ಕುಳಿ ಆಟಗಾರನನ್ನು ಅಳೆಯುವುದಿಲ್ಲ, ಸೋಸಿ ಹೊರಗೆ ಹಾಕುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. ಹಿರೇಕೆರೂರು ತಾಲ್ಲೂಕಿನ ಹಂಸಭಾವಿಯ ಸುತ್ತಮುತ್ತ ಗಾಲ್ಫ್ ಮೈದಾನ ಇಲ್ಲ. ಹಿರೇಕೆರೂರು, ಹಾನಗಲ್ಲ, ಶಿಗ್ಗಾವಿ, ಸವಣೂರು ಎಲ್ಲಿ ತಿರುಗಿದರೂ ಕಾಣುವುದು ಗೋವಿನಜೋಳ, ಹತ್ತಿ, ಭತ್ತ. ಆದರೆ ಇಲ್ಲಿಯ ರೈತರಿಗೆ ಗಾಲ್ಫಿನ ಈ ಲೆಕ್ಕ ಹೊಸದಲ್ಲ. ಫಸಲ್ ಬಿಮಾದಲ್ಲಿ ಇಳುವರಿ ಯಾವ ಮಟ್ಟಕ್ಕಿಂತ ಕೆಳಗೆ ಹೋದರೆ ಪರಿಹಾರ ಎಂದು ಗೊತ್ತುಮಾಡುವಾಗ ಕಳೆದ ಏಳು ವರ್ಷಗಳ ಇಳುವರಿ ತೆಗೆದುಕೊಂಡು, ಅದರಲ್ಲಿ ಅತ್ಯುತ್ತಮ ಐದು ವರ್ಷಗಳ ಸರಾಸರಿ ಹಿಡಿಯುತ್ತಾರೆ. ಮಳೆ ಕೈಕೊಟ್ಟ, ಇಲ್ಲವೇ ಬಿದ್ದ ಮಳೆಗೇ ಬೆಳೆ ಕೊಳೆತ ಎರಡು ವರ್ಷಗಳನ್ನು ಬದಿಗೆ ಸರಿಸುತ್ತಾರೆ. ಇಪ್ಪತ್ತರಲ್ಲಿ ಎಂಟು, ಏಳರಲ್ಲಿ ಐದು. ಎರಡರ ಫಲ ಬೇರೆಯೇ ಇರಬಹುದು. ಗಾಲ್ಫ್‌ನಲ್ಲಿ ಈ ಲೆಕ್ಕ ರಿಯಾಯಿತಿಯನ್ನು ಕಡಿಮೆ ಮಾಡುತ್ತದೆ, ವಿಮೆಯಲ್ಲಿ ರೈತನ ಖಾತರಿಯನ್ನು ಹೆಚ್ಚಿಸುತ್ತದೆ. ಆದರೆ ಒಳಗಿನ ತರ್ಕ ಒಂದೇ: ನೆಲದ ಶಕ್ತಿಯನ್ನು ಅದರ ಕೆಟ್ಟ ವರ್ಷದಿಂದ ಅಳೆಯಬೇಡಿ. ಎರೆಹೊಲಕ್ಕೆ ಸರ್ಕಾರ ಈ ನ್ಯಾಯ ಒಪ್ಪಿಕೊಂಡಿದೆ. ಅದೇ ಹೊಲದವರ ಮಗಳು ಹತ್ತನೇ ತರಗತಿ ಪರೀಕ್ಷೆಗೆ ಕೂತಾಗ ಒಪ್ಪಿಕೊಂಡಿಲ್ಲ.

ಎಸ್ಸೆಸ್ಸೆಲ್ಸಿಯ ಇಂಡೆಕ್ಸ್ ಒಂದರ ಕುಳಿ ಯಾವುದು ಎಂದು ಈ ಸೀಮೆಯಲ್ಲಿ ಯಾರನ್ನು ಕೇಳಿದರೂ ಗಣಿತ ಅನ್ನುತ್ತಾರೆ, ಇಲ್ಲವೇ ಇಂಗ್ಲಿಷ್ ಅನ್ನುತ್ತಾರೆ. ‘ಒಂದ ಸಬ್ಜೆಕ್ಟ್ ಉಳದೈತಿ’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಒಂದು ಜೀವನದ ಸಾರಾಂಶ. ನ್ಯಾಯವಾಗಿ ಹೇಳಬೇಕೆಂದರೆ ಇಲಾಖೆ ಕೈಕಟ್ಟಿ ಕೂತಿಲ್ಲ. 2024ರಿಂದ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆಯುತ್ತಿವೆ, ಯಾವುದರಲ್ಲಿ ಹೆಚ್ಚು ಅಂಕ ಬಂದಿತೋ ಅದು ಉಳಿಯುತ್ತದೆ. ಇದು ಅಪ್ಪಟ ಹ್ಯಾಂಡಿಕ್ಯಾಪ್ ತರ್ಕ, ಒಳ್ಳೆಯ ಹೆಜ್ಜೆ. 2025-26ನೇ ಸಾಲಿನಿಂದ ತೇರ್ಗಡೆಗೆ 625ಕ್ಕೆ 206, ಅಂದರೆ ನೂರಕ್ಕೆ 33, ಸಾಕು ಎಂದಾಯಿತು. ಆದರೆ ಪ್ರತಿ ವಿಷಯದಲ್ಲೂ ನೂರಕ್ಕೆ ಕನಿಷ್ಠ 30 ಬರಲೇಬೇಕು ಎಂಬ ಗೂಟ ಇದ್ದೇ ಇದೆ. ಕನ್ನಡದಲ್ಲಿ 125ಕ್ಕೆ 110, ಸಮಾಜ ವಿಜ್ಞಾನದಲ್ಲಿ 80, ಉಳಿದದ್ದರಲ್ಲಿ ಅರವತ್ತರ ಆಸುಪಾಸು ತೆಗೆದು ಗಣಿತದಲ್ಲಿ 24ಕ್ಕೆ ನಿಂತ ಹುಡುಗಿಯ ಒಟ್ಟು ಅಂಕ ನಾನೂರರ ಹತ್ತಿರ ಬರುತ್ತದೆ. ಅವಳು ಫೇಲು. ಎಲ್ಲದರಲ್ಲೂ ನೂರಕ್ಕೆ ಮೂವತ್ಮೂರು, ಮೂವತ್ನಾಲ್ಕು ತೆಗೆದವನು ಪಾಸು. ಹಂಸಭಾವಿಯಲ್ಲಿ ಪದವಿ ಓದಲು ಊರಲ್ಲೇ ಮಹಾಂತಸ್ವಾಮಿ ಕಾಲೇಜಿದೆ. ಬಸ್ಸು ಹತ್ತಿ ಊರು ಬಿಡುವ ಅನಿವಾರ್ಯವಿಲ್ಲ ಎನ್ನುವುದು ಹೆಣ್ಣುಮಕ್ಕಳ ಪಾಲಿಗೆ ಸಣ್ಣ ಅನುಕೂಲವಲ್ಲ. ಆದರೆ ಗಣಿತ ಕೇಳದ ಕಲಾ ವಿಭಾಗಕ್ಕೆ ಹೋಗಬೇಕಾದರೂ ಆ 30 ಮುಟ್ಟದೆ ಪಿಯುಸಿ ಬಾಗಿಲು ತೆರೆಯುವುದಿಲ್ಲ. ಮೂರು ಪರೀಕ್ಷೆ ಇದ್ದರೂ ಮೂರರಲ್ಲೂ ಅದೇ ಕೊಳ, ಅದೇ 210 ಗಜ. ದಾಟಲಾರದ ಕೈಗೆ ಮೂರು ಚೆಂಡು ಕೊಟ್ಟರೆ ಮೂರೂ ನೀರಿಗೆ ಬೀಳುತ್ತವೆ, ಅಷ್ಟೆ. ಬೇಕಾದದ್ದು ಸುತ್ತುದಾರಿ.

ಇದಕ್ಕೆ ಬರುವ ಮೊದಲ ಆಕ್ಷೇಪ ಗುಣಮಟ್ಟದ್ದು. ಹೀಗೆ ಬಿಡುತ್ತ ಹೋದರೆ ಪರೀಕ್ಷೆಗೆ ಬೆಲೆ ಏನುಳಿಯಿತು? ಈ ಆಕ್ಷೇಪದ ಹಿಂದೆ ಅನುಭವ ಇದೆ. 2024ರಲ್ಲಿ ವೆಬ್‌ಕಾಸ್ಟಿಂಗ್ ಬಂದು ನಕಲಿಗೆ ಕಡಿವಾಣ ಬಿದ್ದಾಗ ಫಲಿತಾಂಶ ಕುಸಿಯಿತು. ಕುಸಿತ ಮುಚ್ಚಲು ಕೃಪಾಂಕವನ್ನು ನೂರಕ್ಕೆ ಹತ್ತರಿಂದ ಇಪ್ಪತ್ತಕ್ಕೆ ಏರಿಸಿದರು, ಅದಕ್ಕೆ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿದರು. ಹಾಗೆ ಬಂದ ಫಲಿತಾಂಶ ಶೇ 73.40. ಕೃಪಾಂಕ ಏರಿಸದಿದ್ದರೆ ಅದು ಐವತ್ಮೂರರ ಸುಮಾರಿಗೆ ನಿಲ್ಲುತ್ತಿತ್ತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ಅಸಮಾಧಾನ ತೋರಿದರು, ಮರುವರ್ಷ ಆ ಪದ್ಧತಿ ನಿಂತಿತು. ನಿಂತದ್ದು ಸರಿಯೇ. ಯಾಕೆಂದರೆ ಕೃಪಾಂಕ ಎಂದರೆ ಕಾರ್ಡು ತಿದ್ದುವುದು. ಒಂಬತ್ತು ಹೊಡೆದವನ ಕಾರ್ಡಿನಲ್ಲಿ ಐದು ಎಂದು ಬರೆಯುವುದು. ಗಾಲ್ಫ್‌ನಲ್ಲಿ ಹೊಡೆದದ್ದಕ್ಕಿಂತ ಕಡಿಮೆ ಬರೆದ ಕಾರ್ಡಿಗೆ ಸಹಿ ಹಾಕಿದವನು ಸಾಮಾನ್ಯವಾಗಿ ಸ್ಪರ್ಧೆಯಿಂದಲೇ ಹೊರಗೆ. ನಾನು ಕೇಳುತ್ತಿರುವುದು ಅದಕ್ಕೆ ತದ್ವಿರುದ್ಧವಾದದ್ದು. 24 ಬಂದಿದ್ದರೆ ಅಂಕಪಟ್ಟಿಯಲ್ಲಿ 24 ಎಂದೇ ಅಚ್ಚಾಗಲಿ, ಯಾರೂ ಅದನ್ನು 30 ಮಾಡುವುದು ಬೇಡ. ಆದರೆ ಆ 24ಕ್ಕೆ ಉಳಿದ ಐದು ವಿಷಯಗಳನ್ನು ನುಂಗುವ ಅಧಿಕಾರ ಬೇಡ. ಒಟ್ಟು ಅಂಕ ಒಂದು ಗಟ್ಟಿ ಮಟ್ಟ ದಾಟಿದ್ದರೆ, ಬರೀ 206 ಅಲ್ಲ, ನೂರಕ್ಕೆ ನಲವತ್ತೈದೋ ಐವತ್ತೋ ಇಡಿ, ಒಂದು ವಿಷಯದಲ್ಲಿ ಕಡಿಮೆ ಬಂದವರನ್ನೂ ತೇರ್ಗಡೆ ಎನ್ನಿ. ವಿಜ್ಞಾನ, ವಾಣಿಜ್ಯ, ಡಿಪ್ಲೊಮಾ ಓದುವವರಿಗೆ ಗಣಿತದ ಅಂಕ ಬೇಕಾದರೆ ಆಯಾ ಕೋರ್ಸು ಅದನ್ನು ಪ್ರತ್ಯೇಕವಾಗಿ ಕೇಳಲಿ. ಕೃಪಾಂಕ ಎರಡು ಖಾತೆಗಳನ್ನು ಕಲಸಿಬಿಟ್ಟಿತು. ಈ ಏರ್ಪಾಡು ಎರಡನ್ನೂ ಬೇರೆ ಬೇರೆ ಇಡುತ್ತದೆ.

ಎರಡನೇ ಆಕ್ಷೇಪ ಮೇಷ್ಟರುಗಳದ್ದು, ಹಗುರವಾಗಿ ತಳ್ಳುವಂಥದಲ್ಲ. ಒಂದು ವಿಷಯ ಬಿಡಬಹುದು ಎಂದು ಗೊತ್ತಾದರೆ ಮಕ್ಕಳು ಜೂನ್ ತಿಂಗಳಲ್ಲೇ ಗಣಿತದ ಪುಸ್ತಕ ಮುಚ್ಚಿಡುತ್ತಾರೆ. ಮಕ್ಕಳಿಗಿಂತ ಮುಂಚೆ ಕೆಲವು ಶಾಲೆಗಳೇ ಮುಚ್ಚಿಡುತ್ತವೆ, ಗಣಿತದ ಮೇಷ್ಟರ ಹುದ್ದೆ ಖಾಲಿ ಇದ್ದರೂ ಯಾರೂ ಕೇಳುವುದಿಲ್ಲ. ಈ ಅಪಾಯ ನಿಜ. ಇದೇ ರೋಗ ಗಾಲ್ಫ್‌ನಲ್ಲೂ ಇದೆ. ಬೇಕೆಂದೇ ಕೆಟ್ಟದಾಗಿ ಆಡಿ ಹ್ಯಾಂಡಿಕ್ಯಾಪ್ ಹಿಗ್ಗಿಸಿಕೊಂಡು ಬಹುಮಾನದ ದಿನ ಚೆನ್ನಾಗಿ ಆಡುವ ಚಾಲಾಕಿಗಳು ಎಲ್ಲ ಕ್ಲಬ್ಬುಗಳಲ್ಲೂ ಇರುತ್ತಾರೆ. ಅದಕ್ಕೆ ಮದ್ದು ಏನೆಂದು ನೋಡಿದರೆ ಸೋಜಿಗವಾಗುತ್ತದೆ, ಆ ಮೇಲ್ಮಿತಿಯೇ ಮದ್ದು. ಕೊಳಕ್ಕೆ ಬೇಕೆಂದೇ ನಾಲ್ಕು ಚೆಂಡು ಹಾಕಿದರೂ ಲೆಕ್ಕಕ್ಕೆ ಏಳೇ ಆದ್ದರಿಂದ ಹಾಕಿ ಪ್ರಯೋಜನವಿಲ್ಲ. ಉತ್ತಮ ಎಂಟೇ ಲೆಕ್ಕವಾದ್ದರಿಂದ ಕೆಟ್ಟ ಸುತ್ತು ಗುಡ್ಡೆ ಹಾಕಿಯೂ ಲಾಭವಿಲ್ಲ. ಒಂದು ವರ್ಷದಲ್ಲಿ ಹ್ಯಾಂಡಿಕ್ಯಾಪ್ ಐದಕ್ಕಿಂತ ಹೆಚ್ಚು ಏರದಂತೆಯೂ ತಡೆ ಇದೆ. ಅಂದರೆ ಉದಾರ ನಿಯಮವನ್ನೂ ಬಿಗಿಯಾಗಿ ಕಟ್ಟಬಹುದು. ನಮ್ಮಲ್ಲೂ ಒಟ್ಟು ಅಂಕದ ಮಟ್ಟ ಎತ್ತರಕ್ಕಿಟ್ಟರೆ ಒಂದು ವಿಷಯ ಬಿಟ್ಟವರು ಉಳಿದ ಐದರಲ್ಲಿ ಹೆಚ್ಚು ದುಡಿಯಲೇಬೇಕು. ಬಿಟ್ಟ ವಿಷಯದಲ್ಲೂ ಬಂದಷ್ಟು ಅಂಕ ಒಟ್ಟಿಗೆ ಸೇರುವುದರಿಂದ 5 ತೆಗೆಯುವುದಕ್ಕಿಂತ 25 ತೆಗೆಯುವುದು ಲಾಭವೇ. ಪೂರ್ತಿ ಮುಚ್ಚಿಟ್ಟವರಿಗೆ ಆಟ ತುಟ್ಟಿಯಾಗುತ್ತದೆ. ಇನ್ನು ಖಾಲಿ ಹುದ್ದೆಯ ವಿಷಯ: ಈಗಿನ ಕಠಿಣ ನಿಯಮ ಇಷ್ಟು ವರ್ಷ ಇದ್ದೂ ಗಣಿತದ ಹುದ್ದೆಗಳನ್ನು ತುಂಬಿಸಿದೆಯೇ? ಮೇಷ್ಟರಿಲ್ಲದ ಶಾಲೆಯ ಪಾಪವನ್ನು ಮಗುವಿನ ಅಂಕಪಟ್ಟಿಯಲ್ಲಿ ತೊಳೆಯುವುದು ಯಾವ ಗುಣಮಟ್ಟ?

ಇನ್ನೂ ಒಂದು ಮಾತು ಬರುತ್ತದೆ: ನಿಜ ಬದುಕಿನಲ್ಲಿ ಮೇಲ್ಮಿತಿ ಇಲ್ಲ, ಸೇತುವೆಯ ಒಂದು ಕಂಬ ಕುಸಿದರೆ ಉಳಿದ ಹದಿನೇಳು ಗಟ್ಟಿಯಿದ್ದು ಉಪಯೋಗವಿಲ್ಲ. ಒಪ್ಪಿದೆ. ಸೇತುವೆ ಕಟ್ಟುವವರನ್ನು, ಶಸ್ತ್ರಚಿಕಿತ್ಸೆ ಮಾಡುವವರನ್ನು ಆರಿಸುವಲ್ಲಿ ಪ್ರತಿ ಹೊಡೆತವೂ ಎಣಿಕೆಯಾಗಲಿ. ಹತ್ತನೇ ತರಗತಿ ಯಾವ ಕಸುಬಿಗೂ ಪರವಾನಗಿ ಅಲ್ಲ. ಮುಂದೆ ಓದುವ ಸಾಮರ್ಥ್ಯ ಇದೆಯೇ ಎಂದು ನೋಡುವ ಪರೀಕ್ಷೆ ಅದು, ಸಾಮರ್ಥ್ಯದ ಖಾತೆಗೆ ಸೇರಿದ್ದು. ನಾವು ಈ ತತ್ವವನ್ನು ಬೇರೆ ಕಡೆ ಒಪ್ಪಿಯೂ ಇದ್ದೇವೆ. ಧಾರವಾಡ ಸೀಮೆಯಲ್ಲಿ ಪದವಿ ಓದಿದವರಿಗೆಲ್ಲ ಎಟಿಕೆಟಿ ಗೊತ್ತು. ಒಂದೆರಡು ವಿಷಯ ಬಾಕಿ ಇಟ್ಟುಕೊಂಡೇ ಮುಂದಿನ ವರ್ಷಕ್ಕೆ ಹೋದವರು ಇವತ್ತು ಪ್ರಾಧ್ಯಾಪಕರಾಗಿದ್ದಾರೆ, ತಹಶೀಲ್ದಾರರಾಗಿದ್ದಾರೆ. ಸಿಬಿಎಸ್‌ಇಯಲ್ಲಿ ಆರನೇ ವಿಷಯವಾಗಿ ಕೌಶಲದ ವಿಷಯವೊಂದನ್ನು ತೆಗೆದುಕೊಂಡು ಪಾಸಾದವರು ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಲ್ಲಿ ಒಂದರಲ್ಲಿ ಫೇಲಾದರೆ ಅದರ ಜಾಗಕ್ಕೆ ಕೌಶಲದ ವಿಷಯವನ್ನು ಹಿಡಿಯುತ್ತಾರೆ. ಇಪ್ಪತ್ತರ ಹುಡುಗನಿಗೆ ಸಿಗುವ ಸುತ್ತುದಾರಿ, ಕೇಂದ್ರದ ಪಠ್ಯಕ್ರಮದ ಹುಡುಗಿಗೆ ಸಿಗುವ ಸುತ್ತುದಾರಿ, ಹಿರೇಕೆರೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯ ಹದಿನಾರರ ಮಗುವಿಗೆ ಯಾಕಿಲ್ಲ?

ಶ್ರೀಮಂತರ ಆಟದಿಂದ ಬಡವರ ಮಕ್ಕಳಿಗೆ ಪಾಠವೇ ಎಂದು ಮೂಗು ಮುರಿಯುವವರೂ ಇದ್ದಾರೆ. ಗಾಲ್ಫ್ ಮೇಲಿನ ಸಿಟ್ಟಿಗೆ ಕಾರಣಗಳಿವೆ. ಅದು ನುಂಗುವ ನೀರು, ನೆಲ ಸಣ್ಣದಲ್ಲ. ಬೆಂಗಳೂರಿನ ಚಲ್ಲಘಟ್ಟದಲ್ಲಿ ಕೆರೆಯಂಗಳವೇ ಗಾಲ್ಫ್ ಹಾಸಾಗಿದೆ. ಅದನ್ನು ಸಮರ್ಥಿಸುವ ಗರಜು ನನಗಿಲ್ಲ. ಆದರೆ ಬಿಡದಿ ಹತ್ತಿರದ ಹಳ್ಳಿಯ ಎಸ್. ಚಿಕ್ಕರಂಗಪ್ಪ ಪಕ್ಕದ ಗಾಲ್ಫ್ ಮೈದಾನದಲ್ಲಿ ಕೋಲು ಹಿಡಿದು ದೇಶದ ಮುಂಚೂಣಿ ವೃತ್ತಿಪರರಲ್ಲಿ ಒಬ್ಬರಾದದ್ದೂ ಇದೇ ಆಟದಲ್ಲಿ. ಲೆಕ್ಕ ಯಾರ ಮನೆಯದು ಎನ್ನುವುದಕ್ಕಿಂತ ಲೆಕ್ಕ ಸರಿಯಿದೆಯೇ ಎಂದು ನೋಡುವುದು ಮೇಲು. ನಿಜ ಹೇಳಬೇಕೆಂದರೆ ಉಳ್ಳವರು ತಮ್ಮ ಬಿಡುವಿನ ಆಟಕ್ಕೆ ಇಷ್ಟು ಸೂಕ್ಷ್ಮವಾದ ನ್ಯಾಯ ಮಾಡಿಕೊಂಡು, ಇಲ್ಲದವರ ಮಕ್ಕಳ ಬದುಕಿಗೆ ಒರಟು ಗೂಟವೊಂದನ್ನು ನೆಟ್ಟು ಸುಮ್ಮನಿರುವುದೇ ನನಗೆ ಹೆಚ್ಚು ಅಸಹ್ಯ.

ಗಾಲ್ಫಿನ ಲೆಕ್ಕದಲ್ಲಿ ಸ್ಲೋಪ್ ಎಂಬ ಇನ್ನೊಂದು ಅಂಕಿ ಇದೆ. ಅದು 55ರಿಂದ 155ರವರೆಗೆ ಇರುತ್ತದೆ, 113 ಸಾಧಾರಣ. ಪಳಗಿದವನಿಗೆ ಕಷ್ಟವಾದ ಮೈದಾನ ಸಾಧಾರಣನಿಗೆ ಎಷ್ಟು ಪಟ್ಟು ಹೆಚ್ಚು ಕಷ್ಟ ಎಂಬುದನ್ನು ಅದು ಹೇಳುತ್ತದೆ. ಕಷ್ಟ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ, ಕೆಳಗಿರುವವನ ಮೇಲೆ ಹೆಚ್ಚು ಬೀಳುತ್ತದೆ ಎಂಬ ಅರಿವನ್ನು ಅವರು ಅಂಕಿಯಾಗಿಸಿದ್ದಾರೆ. ಒಂದೇ ಇಂಗ್ಲಿಷ್ ಪ್ರಶ್ನೆಪತ್ರಿಕೆ ಮನೆಯಲ್ಲಿ ಇಂಗ್ಲಿಷ್ ಪೇಪರು ಬರುವ ಹುಬ್ಬಳ್ಳಿಯ ಮಗುವಿಗೂ, ಸುಗ್ಗಿಯ ಹೊತ್ತಿನಲ್ಲಿ ಹತ್ತಿ ಬಿಡಿಸಲು ಹೋಗಿ ಶಾಲೆ ತಪ್ಪಿಸಿದ ಮಗುವಿಗೂ ಒಂದೇ ಅಲ್ಲ. ಹಾಗೆಂದು ಊರಿಗೊಂದು ಪ್ರಶ್ನೆಪತ್ರಿಕೆ ಮಾಡಿ ಎಂದು ನಾನು ಹೇಳುವುದಿಲ್ಲ, ಅದು ಇನ್ನೊಂದು ಬಗೆಯ ಅವಮಾನ. ಆದರೆ ಪರೀಕ್ಷಾ ಮಂಡಳಿಯ ಬಳಿ ವಿಷಯವಾರು, ತಾಲ್ಲೂಕುವಾರು, ಮಾಧ್ಯಮವಾರು ಫಲಿತಾಂಶದ ರಾಶಿಯೇ ಇದೆ. ಪ್ರತಿ ವರ್ಷ ಜಿಲ್ಲೆಗಳ ರ್‍ಯಾಂಕ್ ಪಟ್ಟಿ ಬಿಡುಗಡೆ ಮಾಡಿ ಡಿಡಿಪಿಐಗಳಿಗೆ ನೋಟಿಸು ಕೊಡುವ ಬದಲು, ಒಂದೇ ವಿಷಯದಲ್ಲಿ ಫೇಲಾದವರು ಎಷ್ಟು, ಅವರ ಉಳಿದ ಅಂಕ ಎಷ್ಟು, ಯಾವ ವಿಷಯ, ಯಾವ ಶಾಲೆ, ಅಲ್ಲಿ ಆ ವಿಷಯಕ್ಕೆ ಕಾಯಂ ಶಿಕ್ಷಕರು ಇದ್ದರೇ ಎಂಬ ಪಟ್ಟಿಯನ್ನು ಮಂಡಳಿ ಹೊರಗಿಡಲಿ. ಒಂದು ವಿಷಯಕ್ಕೆ ಸಿಕ್ಕಿಬಿದ್ದವರಲ್ಲಿ ಐವತ್ತು ಪ್ರತಿಶತ ದಾಟಿದವರು ಬೆರಳೆಣಿಕೆಯಷ್ಟೇ ಎಂದು ಆ ಪಟ್ಟಿ ತೋರಿಸಿದರೆ ನನ್ನ ವಾದದ ಬಲ ಕುಗ್ಗುತ್ತದೆ. ಸಾವಿರಗಟ್ಟಲೆ ಇದ್ದಾರೆ ಎಂದು ತೋರಿಸಿದರೆ, ಮುಂದಿನ ಸಾಲಿನ ಪಿಯು ಪ್ರವೇಶದ ಸುತ್ತೋಲೆಯಲ್ಲಿ ಕಲಾ ವಿಭಾಗಕ್ಕಾದರೂ ಅವರನ್ನು ಸೇರಿಸಿಕೊಳ್ಳಿ ಎಂಬ ಒಂದು ಸಾಲು ಬರೆಯಲು ಇಲಾಖೆಗೆ ಹೊಸ ಕಟ್ಟಡವೂ ಬೇಡ, ಹೊಸ ಬಜೆಟ್ಟೂ ಬೇಡ.